ಮೊದಲು ತಟ್ಟುವ ಬಾಗಿಲು

ಸೋಮವಾರ ಹಿಲ್ಕಾ ರೌತಿಯೊಳ ಖಾತೆ ಅಳಿಸಿದರು.
ಕೆಲಸ ಬಿಟ್ಟವರ ಪಟ್ಟಿ, ಹನ್ನೊಂದು ಹೆಸರು,
ಒಂದು ಆಜ್ಞೆ, ಒಂದು ಎಂಟರ್.
ಓಡುತ್ತಿದ್ದ ಪ್ರೋಗ್ರಾಮಿಗೆ ಸುದ್ದಿಯೇ ಮುಟ್ಟಲಿಲ್ಲ:
ಒಮ್ಮೆ ಕೈಗೆ ಕೊಟ್ಟ ಕಡತವನ್ನು
ಹೆಸರು ಅಳಿಸಿದ ಮಾತ್ರಕ್ಕೆ ಯುನಿಕ್ಸ್ ಕಸಿಯುವುದಿಲ್ಲ;
ಹಿಡಿದ ಕೈ ಬಿಡುವ ತನಕ
ಹೆಸರಿಲ್ಲದೆಯೂ ಅದು ಇರುತ್ತದೆ.

ಗುರುವಾರ ರಾತ್ರಿ ಔಲುವಿನಲ್ಲಿ ಕರೆಂಟು ಹೋಗಿ ಬಂತು.
ಕೈ ಬಿಟ್ಟಿತು.

ಬೆಳಗಿನ ಜಾವ ನಾಲ್ಕೂವರೆ.
ಸಮುದ್ರ ಹೆಪ್ಪುಗಟ್ಟಿದ ಮೇಲೆ ದ್ವೀಪಕ್ಕೆ ಅದರ ಬೆನ್ನೇ ರಸ್ತೆ;
ಇವತ್ತು ಎಷ್ಟು ಟನ್ ತಡೆದೀತು
ಎಂದು ಹೇಳಬೇಕಾದ್ದು ನಮ್ಮ ಯಂತ್ರ.
ದಡದಲ್ಲಿ ತೂರೆಯ ಹಾಲಿನ ಲಾರಿ
ಎಂಜಿನ್ ಆರಿಸದೆ ಗುರುಗುಡುತ್ತ.
"ಸೈಮಿ, ಬೋರ್ಡಿನಲ್ಲಿ ಸಂಖ್ಯೆಯೇ ಇಲ್ಲವಲ್ಲ?"
ನನ್ನ ಪರದೆಯ ಮೇಲೆ ಒಂದೇ ಸಾಲು:
ಲಿಬ್‌ಯಾ.ಸೋ.2 ತೆರೆಯಲಾಗದು, ಅಂಥ ಕಡತವಿಲ್ಲ.

ಯಾ ಅಂದರೆ ನಮ್ಮ ಮಾತಿನಲ್ಲಿ ಮಂಜುಗಡ್ಡೆ.
ಅದರ ದಪ್ಪ ಲೆಕ್ಕ ಹಾಕುವ ಲೈಬ್ರರಿ,
ನಾಲ್ಕು ಪ್ರೋಗ್ರಾಮುಗಳಿಗೆ ಒಂದೇ.
ನಮ್ಮ ವಠಾರದ ನೆಲಮಾಳಿಗೆಯ ಸೌನಾದ ಹಾಗೆ:
ಒಲೆ ಒಂದು, ಕಾದ ಕಲ್ಲು ಎಲ್ಲರದು,
ಟವಲು ಮಾತ್ರ ಅವರವರದು.
ಹಿಲ್ಕಾ ಹೀಗೆಯೇ ಕಲಿಸಿದ್ದಳು.
"ಎಲ್ಲಿ ಕೂರಿಸಿದರೂ ಕೂರುವಂತೆ ಕಟ್ಟು.
ಹನ್ನೆರಡನೆಯ ಬಾಗಿಲು ಅಂತ ಬರೆಯಬೇಡ,
ನಿಂತಲ್ಲಿಂದ ಎಡಕ್ಕೆ ಮೂರು ಹೆಜ್ಜೆ ಅಂತ ಬರೆ.
ಎಫ್‌ಪಿಕ್ ಮರೆತೆಯೋ, ಕಾಫಿ ನಿನ್ನ ಲೆಕ್ಕ."

ಹುಡುಕಿದೆ. ಬೇರೊಂದು ಕಪಾಟಿನಲ್ಲಿ ಸೋ.3 ಸಿಕ್ಕಿತು.
ಕಂಕುಳಲ್ಲೇ ಇತ್ತಲ್ಲ ಕೂಸು ಎಂದು ನಾಚಿ
ಅದಕ್ಕೊಂದು ಅಡ್ಡಹೆಸರು ಕಟ್ಟಿದೆ:
ಇನ್ನು ಮೇಲೆ ನೀನೇ ಎರಡು.
ಲೋಡರ್ ಪಾಪ, ಹೆಸರು ನೋಡುತ್ತದೆ, ಮುಖ ನೋಡುವುದಿಲ್ಲ.
ಒಪ್ಪಿತು. ಓಡಿತು.
ದಪ್ಪ ಮುನ್ನೂರ ಎಂಬತ್ತು ಸೆಂಟಿಮೀಟರ್, ಅಂದಿತು.
ಹೊರೆ: ಮಿತಿಯಿಲ್ಲ.

ಮಿತಿಯಿಲ್ಲ!
ಕಿಟಕಿಯಾಚೆ ಥರ್ಮಾಮೀಟರು ನಾಲ್ಕು ದಿನದಿಂದ ಸೊನ್ನೆಯ ಆಸುಪಾಸು.
ಇಷ್ಟು ಮಂಜು ಈ ಕೊಲ್ಲಿಯಲ್ಲಿ
ನನ್ನಜ್ಜನ ಸುಳ್ಳುಗಳಲ್ಲೂ ಕಟ್ಟಿರಲಿಲ್ಲ.
ಮೊದಲು ಬೋರ್ಡಿನ ತಂತಿ ಕಿತ್ತೆ.
ಕೈ ನಡುಗಿದ್ದು ಆಮೇಲೆ.

ಐದಕ್ಕೆ ಫೋನು ಮಾಡಿದರೆ ಹಿಲ್ಕಾ ಎದ್ದೇ ಇದ್ದಳು,
ಗಾಳಕ್ಕೆ ಹುಳ ಸಿಕ್ಕಿಸುತ್ತಿದ್ದಳಂತೆ.
"ಮೂರು ಮಿಲಿಮೀಟರಿನಲ್ಲಿ ಮಾತಾಡುತ್ತದೆ ಕಣೇ,
ಎರಡು ಸೆಂಟಿಮೀಟರಿನಲ್ಲಿ.
ಸಂಖ್ಯೆ ಬದಲಿಸಿದ್ದು ಚಂದಕ್ಕಲ್ಲ."
ಹಾಗಾದರೆ ಎರಡು ಎಲ್ಲಿ?
ಸ್ವಲ್ಪ ಹೊತ್ತು ಬರಿಯ ಉಸಿರು.
"ನನ್ನ ಹೋಮಿನಲ್ಲಿ. ಆವತ್ತು ಫೆರಿ ಹೊರಡುವುದರಲ್ಲಿತ್ತು,
ಆರ್‌ಪಾತ್‌ನಲ್ಲಿ ನನ್ನ ವಿಳಾಸವನ್ನೇ ಕೊರೆದು ಓಡಿಬಿಟ್ಟೆ,
ನಾಳೆ ಸರಿಮಾಡೋಣ ಅಂತ."

ಆ ನಾಳೆಗೆ ಹದಿನಾಲ್ಕು ವರ್ಷ.
ಅಷ್ಟೂ ವರ್ಷ, ಪ್ರತಿಸಲ ಎದ್ದಾಗಲೂ ಅದು
ಊರ ಯಾವ ಕಪಾಟನ್ನೂ ಕೇಳದೆ
ನೇರ ಹೋಗಿ ಅವಳ ಬಾಗಿಲು ತಟ್ಟಿದೆ;
ಅವಳು ಬಿಟ್ಟು ಹೋದ ಮೇಲೂ
ಒಳಗಿನಿಂದ ಉತ್ತರ ಬಂದಿದೆ.

ಹಳೆಯ ಮೂಲ ಕಳಿಸಿದಳು, ಟಿಪ್ಪಣಿಯಲ್ಲಿ ಮೀನಿನ ಲೆಕ್ಕವೂ ಇತ್ತು.
ಅವಳ ಹೆಸರಿನ ಡೈರೆಕ್ಟರಿಯನ್ನು ಮತ್ತೆ ಕಟ್ಟಿದೆ.
ಹೊಸ ಕಂಪೈಲರ್ ಏಳು ಸಲ ಗೊಣಗಿತು,
ಕೊನೆಗೆ ಸೋ ಬಂತು, ಹಣೆಯಲ್ಲಿ ಎರಡು ಎಂದು ಬರೆಸಿಕೊಂಡು.
ಮೂವತ್ತೆಂಟು, ಅಂದಿತು ಯಂತ್ರ. ಮೂರು ಟನ್.

ತೂರೆ ಬೈದ. ಯಾರನ್ನೆಂದು ಕೇಳಲಿಲ್ಲ.
ಲಾರಿಯಿಂದ ಭಾವಮೈದುನನ ವ್ಯಾನಿಗೆ ಹಾಲು ಇಳಿಸಿ
ಐದು ಸಲ ಓಡಾಡಿದ, ಬಾಗಿಲು ತೆರೆದಿಟ್ಟುಕೊಂಡೇ,
ಬೆಲ್ಟು ಕಟ್ಟದೆ, ಈ ಕಡೆಯವರು ಮಂಜಿನ ಮೇಲೆ ಹೋಗುವ ಹಾಗೆ.

ಆರ್‌ಪಾತ್ ಬದಲಿಸಬಹುದಿತ್ತು.
ನಾಳೆ, ಅಂದುಕೊಂಡೆ.
ಅಳಿಸುವವರ ಪಟ್ಟಿ ತೆರೆದು
ಅವಳ ಹೆಸರಿನ ಮುಂದೆ ಬರೆದೆ:
ಇಲ್ಲಿ ಯಾರೂ ಇಲ್ಲ. ತೆಗೆಯಬೇಡಿ.